ಕತೆ ಸುಳ್ಳಾಗಿ ಕೇಳಿಸಿದಾಗ: ಒಂದು ದೋಷ ನಿವಾರಣೆ ಕೈಪಿಡಿ

ದೋಷದ ಸ್ವರೂಪ

ವ್ಯಾಕರಣ ಸರಿಯಿದೆ, ಕಾಗುಣಿತ ತಪ್ಪಿಲ್ಲ, ಕತೆಗೆ ಆರಂಭ, ಬೆಳವಣಿಗೆ, ಮುಕ್ತಾಯ ಎಲ್ಲವೂ ಇವೆ, ಬರೆದವರಿಗೆ ವಸ್ತುವಿನ ಬಗ್ಗೆ ನಿಜವಾದ ಕಳಕಳಿಯೂ ಇದೆ. ಆದರೂ ಓದಿದವರು "ಚೆನ್ನಾಗಿದೆ" ಎಂದು ಹೇಳಿ ಮಾತು ಬದಲಿಸುತ್ತಾರೆ. ಒತ್ತಾಯ ಮಾಡಿ ಕೇಳಿದರೆ "ಯಾಕೋ ಮನಸ್ಸಿಗೆ ತಟ್ಟಲಿಲ್ಲ", "ಸ್ವಲ್ಪ ನಾಟಕೀಯವಾಯಿತು", "ಕೊನೆ ಅವಸರವಾಯಿತು" ಎಂಬಂಥ ಉತ್ತರಗಳು ಬರುತ್ತವೆ. ಈ ಕೈಪಿಡಿ ಇರುವುದು ಈ ಒಂದು ದೋಷಕ್ಕಾಗಿ ಮಾತ್ರ. ಸಣ್ಣಕತೆಯನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ. ಪ್ರಬಂಧ, ಆತ್ಮಕಥನ, ಕವಿತೆಗಳಲ್ಲಿಯೂ ದೋಷ ಇದೇ ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಇದನ್ನು ಪ್ರಾಮಾಣಿಕತೆಯ ಕೊರತೆ ಎಂದು ಕರೆಯುವ ರೂಢಿಯಿದೆ. ಹಾಗೆ ಕರೆದ ಕೂಡಲೇ ತಪಾಸಣೆ ದಾರಿ ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಬರೆದವರು ತಮ್ಮ ಎದೆಯನ್ನು ಮುಟ್ಟಿ ನೋಡಿಕೊಳ್ಳುತ್ತಾರೆ, ಅಲ್ಲಿ ಭಾವನೆ ನಿಜವಾಗಿಯೇ ಇರುತ್ತದೆ, ಹಾಗಾಗಿ ಬರಹದಲ್ಲಿಯೂ ದೋಷವಿಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಕಲೆಯ ಭಾವ ಒಬ್ಬರಿಂದ ಇನ್ನೊಬ್ಬರಿಗೆ ಹಬ್ಬಬೇಕಾದರೆ ಕಲಾವಿದನ ಪ್ರಾಮಾಣಿಕತೆಯೇ ಎಲ್ಲಕ್ಕಿಂತ ಮುಖ್ಯವೆಂದು ಟಾಲ್‌ಸ್ಟಾಯ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಾದಿಸಿದರು. ಆ ಮಾತನ್ನು ನಾನು ಒಪ್ಪುತ್ತೇನೆ. ಆದರೆ ತಪಾಸಣೆಯ ಮೇಜಿನ ಮೇಲೆ ನಮಗೆ ಸಿಗುವುದು ವಾಕ್ಯಗಳು ಮಾತ್ರ, ಬರೆದವರ ಎದೆ ಸಿಗುವುದಿಲ್ಲ. ಆದ್ದರಿಂದ ಇಡೀ ಕೈಪಿಡಿಯಲ್ಲಿ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಬಳಸಲಾಗಿದೆ: ಈ ವಾಕ್ಯ ಇಲ್ಲಿಗೆ ಯಾರ ಅಗತ್ಯಕ್ಕಾಗಿ ಬಂದಿದೆ, ಕತೆಯೊಳಗಿನ ವ್ಯಕ್ತಿಯ ಅಗತ್ಯಕ್ಕೋ, ಬರೆಯುವವರ ಅಗತ್ಯಕ್ಕೋ?

ತಪಾಸಣೆಗೆ ಮುನ್ನ

ಹಸ್ತಪ್ರತಿಯನ್ನು ಕೆಲವು ದಿನ ಕಣ್ಣಿಗೆ ಬೀಳದಂತೆ ಇಟ್ಟು, ಆಮೇಲೆ ಗಟ್ಟಿಯಾಗಿ ಓದಬೇಕು. ಮನಸ್ಸಿನಲ್ಲಿ ಓದುವಾಗ ನಾವು ಬರೆದದ್ದರ ಜೊತೆಗೆ ಬರೆಯಬೇಕೆಂದಿದ್ದುದನ್ನೂ ಸೇರಿಸಿ ಓದಿಕೊಳ್ಳುತ್ತೇವೆ. ಬಾಯಿ ಕಾಗದದ ಮೇಲೆ ಇದ್ದುದನ್ನು ಮಾತ್ರ ಓದುತ್ತದೆ. ನಾಲಗೆ ಯಾವ ವಾಕ್ಯವನ್ನು ಬೇಗ ದಾಟಿಬಿಡಲು ನೋಡುತ್ತದೆಯೋ, ಯಾವ ವಾಕ್ಯದಲ್ಲಿ ದನಿ ತಾನಾಗಿ ಭಾಷಣದ ಏರಿಳಿತಕ್ಕೆ ಹೊರಳುತ್ತದೆಯೋ ಅಲ್ಲಿ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದರೆ ಸಾಕು. ಈ ಹಂತದಲ್ಲಿ ಏನನ್ನೂ ತಿದ್ದಬಾರದು.

ಆಮೇಲೆ ಇನ್ನೊಬ್ಬರಿಗೆ ಓದಿ ಹೇಳಬೇಕು. ಕಣ್ಣು ತನ್ನಲ್ಲಿರುವ ಕಾಡಿಗೆಯನ್ನು ತಾನೇ ಕಾಣಲಾರದಂತೆ ಕವಿಯೂ ತನ್ನ ದೋಷವನ್ನು ಕಾಣಲಾರ ಎಂದು ಕವಿರಾಜಮಾರ್ಗ ಹೇಳುತ್ತದೆ. ಒಂಬತ್ತನೆಯ ಶತಮಾನದ ಆ ಗ್ರಂಥ ನಮಗೆ ದೊರೆತಿರುವ ಮೊತ್ತಮೊದಲ ಕನ್ನಡ ಕೃತಿ. ಅದರ ಮೊದಲನೆಯ ಪರಿಚ್ಛೇದದ ಚರ್ಚೆಯೇ ದೋಷಗಳ ಕುರಿತಾದದ್ದು, ಅಲಂಕಾರಗಳ ಮಾತು ಬರುವುದು ಆಮೇಲೆ. ಆ ಅನುಕ್ರಮ ನನಗೆ ತುಂಬ ಇಷ್ಟ.

ಕೇಳುವವರನ್ನು "ಹೇಗಿದೆ" ಎಂದು ಪ್ರಶ್ನಿಸಬಾರದು. ಆ ಪ್ರಶ್ನೆಗೆ ಸೌಜನ್ಯದ ಉತ್ತರವಷ್ಟೇ ಸಿಗುತ್ತದೆ. "ಎಲ್ಲಿ ನಿಮ್ಮ ಗಮನ ಬೇರೆ ಕಡೆ ಹೋಯಿತು", "ಎಲ್ಲಿ ನಾನು ನಿಮಗೆ ಏನನ್ನೋ ಒಪ್ಪಿಸಲು ಹೊರಟಿದ್ದೇನೆ ಎನ್ನಿಸಿತು" ಎಂದು ಕೇಳಿದರೆ ಜಾಗವನ್ನು ತೋರಿಸುತ್ತಾರೆ. ಕಾರಣವನ್ನು ಅವರಿಂದ ನಿರೀಕ್ಷಿಸಬೇಕಾಗಿಲ್ಲ. ಓದುಗರು ಜಾಗದ ವಿಷಯದಲ್ಲಿ ತಪ್ಪುವುದು ಬಹಳ ಅಪರೂಪ, ಪರಿಹಾರದ ವಿಷಯದಲ್ಲಿ ಸರಿಯಾಗಿ ಹೇಳುವುದೂ ಅಷ್ಟೇ ಅಪರೂಪ.

ಲಕ್ಷಣ ಕಾಣುವ ಜಾಗ ಮತ್ತು ದೋಷವಿರುವ ಜಾಗ

ಇದು ಕೈಪಿಡಿಯ ಮುಖ್ಯ ಭಾಗವಾದ್ದರಿಂದ ನಿಧಾನವಾಗಿ ನೋಡೋಣ. ಕೆಳಗಿನ ಮಾದರಿಯನ್ನು ಇದಕ್ಕೆಂದೇ ಬರೆದಿದ್ದೇನೆ; ಇಂಥದ್ದು ಕತೆಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ.

"ರೇಷನ್ ಅಂಗಡಿಯ ಮುಂದಿನ ಉದ್ದನೆಯ ಸಾಲಿನಲ್ಲಿ, ಬತ್ತಿದ ಕಣ್ಣುಗಳಲ್ಲಿ ಒಂದಿಷ್ಟು ಆಸೆ ಹೊತ್ತು ಮುನಿಯಮ್ಮ ನಿಂತಿದ್ದಳು. ವರ್ಷಾನುಗಟ್ಟಲೆ ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ರೇಷ್ಮೆ ಬಿಚ್ಚಿದ ಅವಳ ಬೆರಳುಗಳು ಸವೆದುಹೋಗಿದ್ದವು. ಯಂತ್ರ ಅವಳ ಹೆಬ್ಬೆಟ್ಟನ್ನು ಗುರುತಿಸಲಿಲ್ಲ. ಇನ್ನೊಮ್ಮೆ ಒತ್ತಿದಳು. ಆಗಲೂ ಇಲ್ಲ. ಲೋಕಕ್ಕೆ ಪಟ್ಟೆ ಸೀರೆ ಉಡಿಸಿದ ಕೈಗಳಿಗೆ ಹಿಡಿ ಅಕ್ಕಿಯ ಭಾಗ್ಯವೂ ಇರಲಿಲ್ಲ. ಅವಳ ಕೆನ್ನೆಯ ಮೇಲೆ ಕಂಬನಿಯೊಂದು ಉರುಳಿತು. ತನ್ನ ನಾಡೇ ತನ್ನನ್ನು ಗುರುತಿಸಲಿಲ್ಲವೆಂದು ಅವಳಿಗೆ ಅನ್ನಿಸಿತು."

ಸಂಗತಿಗಳ ಮಟ್ಟದಲ್ಲಿ ಇಲ್ಲಿ ಯಾವ ಸುಳ್ಳೂ ಇಲ್ಲ. ಶಿಡ್ಲಘಟ್ಟ, ರಾಮನಗರಗಳ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಬೇಯಿಸಿದ ಗೂಡುಗಳಿಂದ ಎಳೆಯ ತುದಿಯನ್ನು ಹುಡುಕಿ ತೆಗೆಯಲು ಬಿಸಿನೀರಿಗೆ ಬೆರಳದ್ದಲೇಬೇಕು; ಆ ಕೆಲಸ ಮಾಡುವವರ ಬೆರಳ ತುದಿಯ ಚರ್ಮ ಸುಲಿಯುತ್ತದೆ, ಬಿರಿಯುತ್ತದೆ, ಗೆರೆಗಳು ಅಳಿಸಿಹೋಗುತ್ತವೆ. ದೈಹಿಕ ದುಡಿಮೆಯವರ ಬೆರಳಚ್ಚು ಯಂತ್ರಕ್ಕೆ ಹತ್ತದೆ ಪಡಿತರ ತಡವಾಗುವುದೂ ನಡೆಯುವ ಸಂಗತಿಯೇ. ಬರೆದವರ ಕಳಕಳಿಯೂ ಅನುಮಾನಾತೀತ. ಆದರೂ ಕೇಳುವವರನ್ನು ಕೇಳಿದರೆ ಬಹುತೇಕ ಎಲ್ಲರೂ ಕಂಬನಿಯ ವಾಕ್ಯದ ಮೇಲೆ ಬೆರಳಿಡುತ್ತಾರೆ.

ಆಗ ಮಾಡುವ ಸಾಮಾನ್ಯ ತಿದ್ದುಪಡಿ ಎಂದರೆ ಕಂಬನಿಯನ್ನು ತೆಗೆದುಹಾಕುವುದು. ತೆಗೆದು ಓದಿ ನೋಡಿ: ದೋಷ ಅದರ ಮುಂದಿನ ವಾಕ್ಯಕ್ಕೆ ಜರುಗುತ್ತದೆ. ನಾಡಿನ ವಾಕ್ಯವನ್ನೂ ತೆಗೆದರೆ ಪಟ್ಟೆ ಸೀರೆಯ ವಾಕ್ಯ ಒಂಟಿಯಾಗಿ ಎದ್ದು ಕಾಣತೊಡಗುತ್ತದೆ. ಹೀಗೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ವಾಕ್ಯವನ್ನು ಮುಚ್ಚುತ್ತ, ಉಳಿದದ್ದನ್ನು ಓದುತ್ತ ಹೋಗಬೇಕು. ಯಾವ ವಾಕ್ಯವನ್ನು ಮುಚ್ಚಿದಾಗ ಉಳಿದ ಭಾಗ ಒಮ್ಮೆಲೇ ಸರಾಗವಾಗಿ ಕೇಳಿಸುತ್ತದೆಯೋ ಅದೇ ಮೂಲ. ಇಲ್ಲಿ ಆ ಹುಡುಕಾಟ ನಿಲ್ಲುವುದು ಮೊದಲನೆಯ ವಾಕ್ಯದಲ್ಲಿ, "ಬತ್ತಿದ ಕಣ್ಣುಗಳಲ್ಲಿ ಒಂದಿಷ್ಟು ಆಸೆ" ಎಂಬ ಪದಗುಚ್ಛದಲ್ಲಿ.

ಆ ಕಣ್ಣುಗಳನ್ನು ನೋಡಿದವರು ಯಾರು? ಸಾಲಿನಲ್ಲಿ ನಿಂತವರಿಗೆ ಮುಂದಿನವರ ಬೆನ್ನು, ಕೈಯಲ್ಲಿನ ಚೀಲ, ಕಾರ್ಡಿನ ಪ್ಲಾಸ್ಟಿಕ್ ಹೊದಿಕೆ ಕಾಣುತ್ತವೆ. ಅಂಗಡಿಯವನು ತಲೆ ಎತ್ತುವುದೇ ಕಡಿಮೆ. ಮುನಿಯಮ್ಮನಿಗೆ ತನ್ನ ಕಣ್ಣು ಕಾಣುವುದಿಲ್ಲ, ಅಲ್ಲದೆ ತಿಂಗಳು ತಿಂಗಳೂ ಮಾಡುವ ಕೆಲಸಕ್ಕೆ ಯಾರೂ ಆಸೆ ಹೊತ್ತು ನಿಲ್ಲುವುದಿಲ್ಲ. ಇಷ್ಟು ಹೊತ್ತು ಕೆಲಸ ಬಿಟ್ಟು ಬಂದದ್ದಕ್ಕೆ ಕೂಲಿಯಲ್ಲಿ ಎಷ್ಟು ಹಿಡಿಯುತ್ತಾರೆ ಎಂಬ ಲೆಕ್ಕದಲ್ಲಿ ನಿಲ್ಲುತ್ತಾರೆ. ಆ ಕಣ್ಣುಗಳು ಬೇಕಾಗಿದ್ದುದು ಬರೆಯುವವರಿಗೆ. ಓದುಗರು ಮರುಕಪಡದೆ ಹೋದರೆ ಎಂಬ ಭಯಕ್ಕೆ, ಯಂತ್ರ ಇನ್ನೂ ಬರುವ ಮೊದಲೇ ಮರುಕವನ್ನು ಮುಂಗಡವಾಗಿ ಪಡೆದುಕೊಳ್ಳಲಾಗಿದೆ. ಒಮ್ಮೆ ಹಾಗೆ ಪಡೆದುಕೊಂಡ ಮೇಲೆ ಸೀರೆ, ಕಂಬನಿ, ನಾಡು ಎಲ್ಲವೂ ಬರಲೇಬೇಕು, ಯಾಕೆಂದರೆ ಅವಳು ಮೊದಲ ಸಾಲಿನಲ್ಲಿಯೇ ಮುನಿಯಮ್ಮನಾಗಿ ಉಳಿಯದೆ ಮರುಕಕ್ಕೆ ಒಂದು ನಿಮಿತ್ತವಾಗಿಬಿಟ್ಟಿದ್ದಾಳೆ. ಇಡೀ ಭಾಗದಲ್ಲಿ ಗಟ್ಟಿಯಾಗಿ ನಿಂತಿರುವುದು ಯಂತ್ರ ಗುರುತಿಸಲಿಲ್ಲ, ಇನ್ನೊಮ್ಮೆ ಒತ್ತಿದಳು ಎಂಬ ಎರಡು ಬೋಳು ವಾಕ್ಯಗಳು. ಅವು ಯಾರಿಂದಲೂ ಏನನ್ನೂ ಬೇಡುತ್ತಿಲ್ಲ.

ನಿವಾರಣೆ

ಈಗ ಪ್ರಶ್ನೆಯನ್ನು ಅವಳ ಕಡೆಯಿಂದ ಕೇಳಬೇಕು. ಆ ಕ್ಷಣದಲ್ಲಿ ಮುನಿಯಮ್ಮನಿಗೆ ಬೇಕಾದದ್ದು ಏನು? ಅಕ್ಕಿ ಬೇಕು, ಸರಿ. ಅದಕ್ಕಿಂತ ತುರ್ತಾಗಿ, ಹಿಂದೆ ನಿಂತ ಪರಿಚಿತರ ಎದುರು ತನ್ನ ಕೈಯೇ ಸರಿಯಿಲ್ಲದವಳೆಂದು ಕಾಣಿಸಿಕೊಳ್ಳದಿರುವುದು ಬೇಕು.

"ಮುನಿಯಮ್ಮ ಸಾಲಿನಲ್ಲಿ ತನ್ನ ಚೀಲ ಇಟ್ಟು ಘಟಕಕ್ಕೆ ಹೋಗಿ ಬರುವಷ್ಟರಲ್ಲಿ ಮುಂದೆ ನಾಲ್ಕು ಜನ ಉಳಿದಿದ್ದರು. ಅವಳ ಸರದಿಗೆ ಹೆಬ್ಬೆಟ್ಟು ಹತ್ತಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಅಂಗಡಿಯವನು ಹೇಳುವ ಮೊದಲೇ ತೋರುಬೆರಳು, ನಡುಬೆರಳು, ಆಮೇಲೆ ಎಡಗೈಯದನ್ನೂ ಒಂದೊಂದಾಗಿ ಇಟ್ಟಳು. ಹಿಂದೆ ಮಾತಾಡುತ್ತಿದ್ದವರು ಸುಮ್ಮನಾದರು. 'ಇವತ್ತು ಸರ್ವರ್ ಸರಿಯಿಲ್ಲ ಅನ್ಸುತ್ತೆ' ಎಂದು ಅವರ ಕಡೆ ತಿರುಗಿ ಹೇಳಿ ಚೀಲ ಮಡಚಿಕೊಂಡಳು. ಅವಳ ಹಿಂದಿದ್ದ ಹುಡುಗನ ಹೆಬ್ಬೆಟ್ಟು ಒಂದೇ ಸಲಕ್ಕೆ ಹತ್ತಿತು."

ಬೆರಳು ಯಾಕೆ ಸವೆದಿದೆ ಎಂಬ ವಿವರಣೆ ಇಲ್ಲಿಂದ ಹೊರಟುಹೋಗಿದೆ. ಕತೆಯಲ್ಲಿ ಹಿಂದೆ ಎಲ್ಲೋ ಅವಳು ಬಿಸಿನೀರಿಗೆ ಕೈಹಾಕಿ ಎಳೆ ಹುಡುಕುವುದನ್ನು ತೋರಿಸಿದ್ದರೆ ಸಾಕು. ಓದುಗರು ಎರಡನ್ನೂ ತಾವೇ ಕೂಡಿಸಿಕೊಳ್ಳುತ್ತಾರೆ, ಮತ್ತು ತಾವೇ ಕೂಡಿಸಿಕೊಂಡದ್ದನ್ನು ನಂಬುತ್ತಾರೆ. ಸರ್ವರಿನ ಮೇಲೆ ತಪ್ಪು ಹೊರಿಸುವ ಮಾತು ಅವಳ ಸ್ವಂತ ಅಗತ್ಯದಿಂದ ಬಂದದ್ದಾದ್ದರಿಂದ, ಅದು ಸುಳ್ಳಾಗಿದ್ದರೂ ಇಡೀ ಭಾಗದ ಅತ್ಯಂತ ಪ್ರಾಮಾಣಿಕ ವಾಕ್ಯ.

ಆದರೆ ಕೊನೆಯ ವಾಕ್ಯವನ್ನು ಸುಮ್ಮನೆ ಬಿಡುವಂತಿಲ್ಲ. ಹುಡುಗನ ಹೆಬ್ಬೆಟ್ಟು ಒಂದೇ ಸಲಕ್ಕೆ ಹತ್ತಿತು ಎಂಬುದು ಚುರುಕಾಗಿದೆ, ನೆನಪಿನಲ್ಲಿ ಉಳಿಯುತ್ತದೆ. ಅದೇ ಕಾರಣಕ್ಕೆ ಅದರ ಮೇಲೆ ಹೆಚ್ಚು ಅನುಮಾನಪಡಬೇಕು. ಅವಳ ಸಣ್ಣ ಸುಳ್ಳನ್ನು ಎಲ್ಲರ ಎದುರು ಬಯಲು ಮಾಡುವ ಅಗತ್ಯ ಯಾರಿಗಿದೆ? ಅವಳಿಗೆ ಖಂಡಿತ ಇಲ್ಲ. ಆ ಸದ್ದು ಕೇಳಿಸುವ ಮೊದಲು ಅಲ್ಲಿಂದ ದೂರ ಹೋಗಿಬಿಡುವುದೇ ಅವಳಿಗೆ ಬೇಕಾದದ್ದು. ಹಾಗಾಗಿ ನಾನಾದರೆ "ಚೀಲ ಮಡಚಿಕೊಂಡು, ಹಿಂದಿನ ಹುಡುಗ ಬೆರಳಿಡುವಷ್ಟರಲ್ಲಿ ಮೆಟ್ಟಿಲಿಳಿದಳು" ಎಂದು ತಿದ್ದುತ್ತೇನೆ. ಪರಿಣಾಮ ಕೊಂಚ ಮಂಕಾಗುತ್ತದೆ. ಆ ನಷ್ಟವನ್ನು ಒಪ್ಪಿಕೊಳ್ಳುವುದೂ ದುರಸ್ತಿಯ ಭಾಗ.

ದೋಷ ಮಾತುಕತೆಯಲ್ಲಿದ್ದರೆ

ಪಾತ್ರದ ಮಾತು ಗ್ರಂಥಸ್ಥವಾಗಿ ಕೇಳಿಸಿದರೆ ಉಪಭಾಷೆಯ ರೂಪಗಳನ್ನು ತುಂಬಿಸಿಬಿಡುವುದು ಸುಲಭದ ಪರಿಹಾರವಾಗಿ ತೋರುತ್ತದೆ. ಅದರಿಂದ ದೋಷ ಮುಚ್ಚಿಕೊಳ್ಳುತ್ತದೆಯೇ ಹೊರತು ಹೋಗುವುದಿಲ್ಲ. ನಿರೂಪಕರು ಶಿಷ್ಟ ಕನ್ನಡದಲ್ಲಿ ಚಿಂತಿಸುತ್ತ, ಕೂಲಿಯವಳು ಮತ್ತು ಕುಡುಕ ಮಾತ್ರ ಗ್ರಾಮ್ಯದಲ್ಲಿ ಮಾತಾಡುತ್ತಿದ್ದರೆ, ಊರಿನ ಮೇಷ್ಟರು, ವೈದ್ಯರು, ನ್ಯಾಯಾಧೀಶರಿಗೂ ಅದೇ ಊರಿನ ನುಡಿ ಇದೆಯೆಂಬುದು ಮರೆತುಹೋಗಿದ್ದರೆ, ಆ ಉಪಭಾಷೆ ಬಡತನಕ್ಕೆ ಅಂಟಿಸಿದ ಚೀಟಿಯಷ್ಟೇ ಆಗಿದೆ. ತಪಾಸಣೆ ಸರಳ: ಕತೆಯ ಎಲ್ಲ ಪಾತ್ರಗಳ ಮಾತುಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡು, ಯಾರು ಯಾರೊಂದಿಗೆ ಯಾವ ನುಡಿ ಬಳಸುತ್ತಾರೆ ಎಂದು ನೋಡುವುದು. ಶಿಡ್ಲಘಟ್ಟದ ಕಡೆ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಓಡಾಡುತ್ತವೆ. ಮುನಿಯಮ್ಮ ಅಂಗಡಿಯವನೊಂದಿಗೆ ಒಂದರಲ್ಲಿ, ಮನೆಯಲ್ಲಿ ಇನ್ನೊಂದರಲ್ಲಿ, ಘಟಕದ ಮಾಲೀಕನೊಂದಿಗೆ ಮತ್ತೊಂದರಲ್ಲಿ ಮಾತಾಡುತ್ತಿರಬಹುದು. ಇದನ್ನು ಬರಹದಲ್ಲಿ ಹೇಗೆ ತರುವುದೆಂಬುದು ಕಷ್ಟದ ಪ್ರಶ್ನೆ, ಉತ್ತರ ಕತೆಯಿಂದ ಕತೆಗೆ ಬೇರೆ; ಆದರೆ ಪ್ರಶ್ನೆ ಎದುರಾಗಿಯೇ ಇಲ್ಲವೆಂದರೆ ಬರೆಯುವವರು ಆ ಬೀದಿಯನ್ನು ಇನ್ನೂ ಕೇಳಿಸಿಕೊಂಡಿಲ್ಲ.

"ಇದು ನಿಜವಾಗಿ ನಡೆದದ್ದು" ಎಂಬ ಸಮರ್ಥನೆ

ದೋಷವನ್ನು ತೋರಿಸಿದಾಗ ಅತಿ ಹೆಚ್ಚು ಬರುವ ಉತ್ತರ ಇದು. "ನಾನು ಕಣ್ಣಾರೆ ಕಂಡಿದ್ದೇನೆ, ಅವಳು ಅತ್ತಿದ್ದು ನಿಜ" ಎನ್ನುತ್ತಾರೆ. ಅತ್ತಿರಬಹುದು. ನಡೆಯಬಹುದಾದರೂ ನಂಬಲಾಗದ ಸಂಗತಿಗಿಂತ, ನಡೆಯಲಾರದಾದರೂ ನಂಬುವಂತಿರುವ ಸಂಗತಿ ಕಾವ್ಯಕ್ಕೆ ಮೇಲು ಎಂದು ಅರಿಸ್ಟಾಟಲ್ ಹೇಳಿದ್ದು ಈ ಸಮರ್ಥನೆಗೆ ಹಳೆಯ ಉತ್ತರ. ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನ ಇನ್ನೂ ನಿಖರವಾಗಿ ಹೇಳಿದ್ದಾನೆ: "ಅನೌಚಿತ್ಯಾದೃತೇ ನಾನ್ಯದ್ ರಸಭಂಗಸ್ಯ ಕಾರಣಮ್", ರಸಭಂಗಕ್ಕೆ ಅನೌಚಿತ್ಯವಲ್ಲದೆ ಬೇರೆ ಕಾರಣವಿಲ್ಲ. ಅವನೂ ಒಂಬತ್ತನೆಯ ಶತಮಾನದವನೇ. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟದಲ್ಲಿ ಕವಿರಾಜಮಾರ್ಗ ಕನ್ನಡದ ದೋಷಗಳ ವಿಚಾರ ನಡೆಸಿದ ಅದೇ ಶತಮಾನದಲ್ಲಿ ಕಾಶ್ಮೀರದಲ್ಲಿ ಈ ಮಾತು ಹುಟ್ಟಿತೆಂಬುದು ನನಗೆ ಪ್ರತಿ ಸಲವೂ ಸಂತೋಷ ಕೊಡುವ ಸಂಗತಿ. ಔಚಿತ್ಯವೆಂದರೆ ಸಭ್ಯತೆ ಎಂದು ಇಲ್ಲಿ ತಿಳಿಯಬಾರದು. ಈ ವ್ಯಕ್ತಿಗೆ, ಈ ಹೊತ್ತಿನಲ್ಲಿ, ಈ ಜನರ ನಡುವೆ ಇದು ಸಲ್ಲುತ್ತದೆಯೇ ಎಂಬುದು ಅದರ ಅಳತೆ. ನಡೆದ ಘಟನೆಯಲ್ಲಿ ಅಳುವಿಗೆ ಹಿಂದಿನ ಹತ್ತಾರು ಸಂಗತಿಗಳ ಆಧಾರವಿತ್ತು: ಬೆಳಿಗ್ಗೆ ಮನೆಯಲ್ಲಿ ನಡೆದ ಜಗಳ, ಹಿಂದಿನ ತಿಂಗಳೂ ಹೀಗೇ ವಾಪಸ್ಸು ಬಂದದ್ದು, ಅಂಗಡಿಯವನ ಒಂದು ಮಾತು. ಅವುಗಳನ್ನೆಲ್ಲ ಬಿಟ್ಟು ಅಳುವನ್ನು ಮಾತ್ರ ತಂದರೆ ನಿಜವೇ ಸುಳ್ಳಾಗಿ ಕೇಳಿಸುತ್ತದೆ. ಪರಿಹಾರವೆಂದರೆ ಬಿಟ್ಟದ್ದನ್ನು ತರುವುದು, ಇಲ್ಲವೇ ಅಳುವನ್ನೂ ಬಿಡುವುದು.

ಸ್ವಂತ ದುಃಖವನ್ನು ಬರೆಯುವಾಗ

ಉತ್ತಮ ಪುರುಷದಲ್ಲಿ ಬರೆದಾಗ ವ್ಯಕ್ತಿ ಮತ್ತು ಬರಹಗಾರ ಒಬ್ಬರೇ ಆಗಿರುವುದರಿಂದ ನಮ್ಮ ಪ್ರಶ್ನೆ ಕೆಲಸ ಮಾಡುವುದಿಲ್ಲವೆಂದು ತೋರಬಹುದು. ಆಗ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಬೇಕು: ಈ ಮಾತನ್ನು ಯಾರಿಗೆ ಹೇಳುತ್ತಿದ್ದೇನೆ? ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ" ಎಂಬ ಪದ್ಯ ಮಗುವಿನ ಸಾವಿನ ದುಃಖದಿಂದ ಬಂದದ್ದು. ಅದರಲ್ಲಿ ತಂದೆ ತನ್ನ ದುಃಖವನ್ನು ನಮಗೆ ಹೇಳುವುದೇ ಇಲ್ಲ. ಅವನು ಹೆಂಡತಿಯೊಂದಿಗೆ ಮಾತಾಡುತ್ತಾನೆ, ಅದೂ ತನ್ನನ್ನು ಹಾಗೆ ನೋಡಬೇಡವೆಂದು ಕೇಳಿಕೊಳ್ಳುವುದಕ್ಕಾಗಿ. ಆ ಮನೆಯಲ್ಲಿ ಅದೇ ದುಃಖವನ್ನು ಹೊತ್ತಿರುವ ಇನ್ನೊಬ್ಬಳು ಅವಳು; ಅವಳ ನೋಟವನ್ನು ತಡೆದುಕೊಳ್ಳಲಾಗದಿರುವುದೇ ಪದ್ಯದ ವಸ್ತು. ನಾವು ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರು. ಈ ವಿನ್ಯಾಸದಿಂದಾಗಿ ಪದ್ಯದ ಒಂದು ಮಾತೂ ಓದುಗರ ಕಡೆ ಕೈಚಾಚುವುದಿಲ್ಲ.

ಸ್ವಂತ ನೋವಿನ ಬರಹ ಸುಳ್ಳಾಗಿ ಕೇಳಿಸಿದಾಗ, ಅದರಲ್ಲಿ ನೇರವಾಗಿ ಓದುಗರನ್ನು ಉದ್ದೇಶಿಸಿದ ವಾಕ್ಯಗಳನ್ನು ಗುರುತು ಮಾಡಿಕೊಂಡು, ಅದೇ ಮಾತನ್ನು ಆ ಘಟನೆಯಲ್ಲಿ ಪಾಲುಗೊಂಡಿದ್ದ ಒಬ್ಬರ ಎದುರು ಆಡಲು ಸಾಧ್ಯವೇ ಎಂದು ಪರೀಕ್ಷಿಸಬೇಕು. ತಾಯಿಯ ಕೊನೆಯ ದಿನಗಳ ಬಗ್ಗೆ ಬರೆದ ವಾಕ್ಯವನ್ನು, ಆಕೆಯನ್ನು ಜೊತೆಗಿದ್ದು ನೋಡಿಕೊಂಡ ಅಕ್ಕನ ಮುಂದೆ ಗಟ್ಟಿಯಾಗಿ ಓದಲಾಗದಿದ್ದರೆ ಆ ವಾಕ್ಯ ಬದಲಾಗಬೇಕು.

ಅತಿಯಾದ ದುರಸ್ತಿ

ನೊಂದವರನ್ನು ಚಿತ್ರಿಸಿ ಓದುಗರಲ್ಲಿ ಮರುಕ ಹುಟ್ಟಿಸಬೇಕೆಂದಿದ್ದರೆ ಸ್ವಲ್ಪ ತಣ್ಣಗಿರಬೇಕು, ಆ ತಣ್ಣನೆಯ ಹಿನ್ನೆಲೆಯಲ್ಲಿಯೇ ನೋವು ಸ್ಪಷ್ಟವಾಗಿ ಕಾಣುತ್ತದೆ ಎಂದು ರಷ್ಯಾದ ಕತೆಗಾರ ಚೆಕಾಫ್ 1892ರಲ್ಲಿ ಲೇಖಕಿ ಲಿಡಿಯಾ ಅವಿಲೋವಾ ಅವರಿಗೆ ಪತ್ರ ಬರೆದರು. ಮೇಲಿನ ದುರಸ್ತಿಯೆಲ್ಲ ಒಂದು ಅರ್ಥದಲ್ಲಿ ಆ ಸಲಹೆಯ ವಿಸ್ತರಣೆಯೇ. ಆದರೆ ಈ ಸಲಹೆಯನ್ನು ಮಾತ್ರ ಕಲಿತವರ ಬರಹದಲ್ಲಿ ಇನ್ನೊಂದು ದೋಷ ತಲೆದೋರುತ್ತದೆ. ಎಲ್ಲ ಭಾವವನ್ನೂ ಕತ್ತರಿಸಿ, ಎಲ್ಲ ಮಾತುಗಳನ್ನೂ ಅರ್ಧಕ್ಕೆ ನಿಲ್ಲಿಸಿ, ಮೌನವನ್ನೇ ಪ್ರಾಮಾಣಿಕತೆಯ ಗುರುತಾಗಿ ತೋರಿಸುವ ಬರಹ ಅದು. ತಣ್ಣಗಿರುವುದೂ ಒಂದು ಭಂಗಿಯಾಗಬಲ್ಲದು.

ಅಮೆರಿಕದ ರೇಮಂಡ್ ಕಾರ್ವರ್ ಅವರ ಒಂದು ಕತೆಯ ಎರಡು ರೂಪಗಳು ಇದನ್ನು ಅರಿಯಲು ಬಹಳ ನೆರವಾಗುತ್ತವೆ. 1981ರ ಅವರ ಸಂಕಲನದ ಹಸ್ತಪ್ರತಿಯನ್ನು ಸಂಪಾದಕ ಗಾರ್ಡನ್ ಲಿಶ್ ಅರ್ಧಕ್ಕಿಂತಲೂ ಹೆಚ್ಚು ಕತ್ತರಿಸಿದರು. 1980ರ ಜುಲೈಯಲ್ಲಿ ಕಾರ್ವರ್ ಪ್ರಕಟಣೆಯನ್ನೇ ನಿಲ್ಲಿಸಬೇಕೆಂದು ಅವರಿಗೆ ಬರೆದಿದ್ದರು. ಕತೆಯಲ್ಲಿ ಹುಟ್ಟುಹಬ್ಬದ ದಿನ ಹುಡುಗನೊಬ್ಬನಿಗೆ ಕಾರು ಬಡಿಯುತ್ತದೆ. ತಂದೆತಾಯಿ ಆಸ್ಪತ್ರೆಯಲ್ಲಿರುವಾಗ, ಏನೂ ತಿಳಿಯದ ಬೇಕರಿಯವನು ತಾನು ಮಾಡಿಟ್ಟ ಕೇಕಿನ ವಿಷಯಕ್ಕೆ ಮನೆಗೆ ಫೋನು ಮಾಡುತ್ತಲೇ ಇರುತ್ತಾನೆ. ಕತ್ತರಿಸಿದ ರೂಪ ಫೋನಿನ ಮಾತಿಗೇ ನಿಂತುಬಿಡುತ್ತದೆ, ಹುಡುಗನ ಗತಿ ತಿಳಿಯುವುದಿಲ್ಲ. 1983ರಲ್ಲಿ ಕಾರ್ವರ್ ಉದ್ದನೆಯ ರೂಪವನ್ನು ಬೇರೆ ಹೆಸರಿನಲ್ಲಿ ಇನ್ನೊಂದು ಸಂಕಲನಕ್ಕೆ ಸೇರಿಸಿದರು. ಅದರಲ್ಲಿ ಹುಡುಗ ತೀರಿಹೋಗುತ್ತಾನೆ, ತಂದೆತಾಯಿ ರಾತ್ರಿ ಸಿಟ್ಟಿನಿಂದ ಬೇಕರಿಗೆ ಹೋಗುತ್ತಾರೆ, ವಿಷಯ ತಿಳಿದ ಬೇಕರಿಯವನು ಕ್ಷಮೆ ಕೇಳಿ, ಕೂರಿಸಿ, ಬಿಸಿ ರೋಲು, ಕಾಫಿ ಕೊಡುತ್ತಾನೆ, ಅವರು ತಿನ್ನುತ್ತಾರೆ.

ಮೊದಲ ರೂಪ ಹೆಚ್ಚು ಕಲಾತ್ಮಕವೆಂದು ವಾದಿಸುವವರಿದ್ದಾರೆ. ನನಗೆ ಎರಡನೆಯದೇ ಸರಿ, ಕಾರಣ ಅದೇ ಪ್ರಶ್ನೆ. ಫೋನಿನ ಸದ್ದಿಗೆ ನಿಲ್ಲುವ ಅಗತ್ಯ ಕತೆಯ ರೂಪಕ್ಕಿದೆ. ತಿನ್ನುವ ಅಗತ್ಯ ಆ ತಂದೆತಾಯಿಗಿದೆ: ಆಸ್ಪತ್ರೆಯಲ್ಲಿ ನಿದ್ದೆ, ಊಟ ಬಿಟ್ಟು ಕಾದವರ ಹಸಿವು ಅದು. ಅಪರಿಚಿತನ ಕೈಯ ತಿನಿಸಿನ ಮೇಲೆ ಕತೆ ಮುಗಿಸುವುದು ಭಾವುಕತೆಯ ಅಂಚಿಗೆ ಬಂದು ನಿಲ್ಲುವ ಸಾಹಸವೇ ಆದರೂ, ಹಸಿವು ಅವರದೇ ಆದ್ದರಿಂದ ಅದು ಬೀಳುವುದಿಲ್ಲ. ಕತ್ತರಿಸುವಾಗಲೂ ಸೇರಿಸುವಾಗ ಕೇಳಿದ ಪ್ರಶ್ನೆಯನ್ನೇ ಕೇಳಿಕೊಳ್ಳಬೇಕೆನ್ನುವುದು ಇದಕ್ಕಾಗಿ.

ಮೇಜಿನ ಮುಂದೆ ಕುಳಿತು ಸರಿಪಡಿಸಲಾಗದ ದೋಷ

ಎಲ್ಲ ತಪಾಸಣೆ ಮುಗಿದ ಮೇಲೂ ಕೆಲವೊಮ್ಮೆ ಒಂದು ಭಾಗ ಜೀವ ಹಿಡಿಯುವುದಿಲ್ಲ. ಪಾತ್ರಕ್ಕೆ ಆ ಹೊತ್ತಿನಲ್ಲಿ ಏನು ಬೇಕಿತ್ತೆಂದು ಕೇಳಿಕೊಂಡರೆ ಉತ್ತರವೇ ಹೊಳೆಯುವುದಿಲ್ಲ, ಹೊಳೆದದ್ದೆಲ್ಲ ಬೇರೆ ಕತೆಗಳಲ್ಲಿ ಓದಿದ್ದಾಗಿರುತ್ತದೆ. ಇದು ವಾಕ್ಯದ ದೋಷವಲ್ಲ, ತಿಳಿವಳಿಕೆಯ ಕೊರತೆ. ಇನ್ನಷ್ಟು ತಿದ್ದಿದರೆ ಬರಹ ನಯವಾಗುತ್ತದೆಯೇ ಹೊರತು ನಿಜವಾಗುವುದಿಲ್ಲ. ಆ ಭಾಗವನ್ನು ಖಾಲಿ ಬಿಟ್ಟು, ತಿಳಿಯಬೇಕಾದದ್ದನ್ನು ಪ್ರಶ್ನೆಗಳ ರೂಪದಲ್ಲಿ ಅಂಚಿನಲ್ಲಿ ಬರೆದಿಡಬೇಕು. ಎಳೆ ಹುಡುಕುವ ಕೈ ಯಾವುದು, ಎಡವೋ ಬಲವೋ? ಬಿರಿದ ಬೆರಳಿಗೆ ರಾತ್ರಿ ಏನು ಹಚ್ಚುತ್ತಾರೆ? ಬೆರಳಚ್ಚು ಹತ್ತದಿದ್ದರೆ ಅಂಗಡಿಯವನು ಮರುದಿನ ಬರಲು ಹೇಳುತ್ತಾನೋ, ಮನೆಯ ಇನ್ನೊಬ್ಬರನ್ನು ಕರೆತರಲು ಹೇಳುತ್ತಾನೋ? ಕರೆತರಲು ಮನೆಯಲ್ಲಿ ಇನ್ನೊಬ್ಬರು ಇದ್ದಾರೆಯೇ? ಇಂಥ ಪ್ರಶ್ನೆಗಳನ್ನು ಹಿಡಿದು ಘಟಕದ ಬಾಗಿಲಿಗೆ ಹೋದರೆ, ಕೆಲಸ ಮಾಡುವವರು ಬಿಡುವಿನಲ್ಲಿ ಉತ್ತರ ಹೇಳುತ್ತಾರೆ, ಮತ್ತು ಕೇಳದ ಸಂಗತಿಯನ್ನೂ ಹೇಳುತ್ತಾರೆ. ಅಲ್ಲಿಯವರೆಗೆ ಕತೆಯ ಉಳಿದ ಭಾಗದ ಕೆಲಸ ಮುಂದುವರಿಸಲು ಅಡ್ಡಿಯಿಲ್ಲ. ಆದರೆ ಖಾಲಿ ಬಿಟ್ಟ ಭಾಗ ತುಂಬಿದ ಮೇಲೆ ಅದರ ಹಿಂದಿನ ಮತ್ತು ಮುಂದಿನ ಪುಟಗಳನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿ, ಹೊಸ ಸಂಗತಿಗೆ ಹೊಂದದ ವಾಕ್ಯಗಳನ್ನು ಆಗಲೇ ಗುರುತು ಮಾಡಿಕೊಳ್ಳಬೇಕು.